ಆರು ಕೋಚ್‌ಗಳನ್ನು ಕೆಲಸದಿಂದ ತೆಗೆದ ಮಾವ

ನನ್ನ ಮಾವ ಈವರೆಗೆ ಆರು ಜನ ವಾಲಿಬಾಲ್ ಕೋಚ್‌ಗಳನ್ನು ಕೆಲಸದಿಂದ ತೆಗೆದುಹಾಕಿದ್ದಾನೆ. ತಮಾಷೆಯೆಂದರೆ, ಆ ಆರು ಜನರಲ್ಲಿ ಒಬ್ಬರಿಗೂ ಈ ಸಂಗತಿ ಗೊತ್ತಿಲ್ಲ!

ಮಾವ ಎಂದರೆ ನನ್ನ ಅಮ್ಮನ ತಮ್ಮ. ಆರು ಜನರನ್ನು ತೆಗೆದನೆಂದ ಮಾತ್ರಕ್ಕೆ ಅವನನ್ನು ಕಾಲೇಜಿನ ಆಡಳಿತ ಮಂಡಳಿಯವನೆಂದೋ, ಹಳೆಯ ಆಟಗಾರನೆಂದೋ ತಿಳಿದು ಕೈಮುಗಿಯಬೇಡಿ. ಮೂವತ್ತೈದು ವರ್ಷ ಪಶು ಆಸ್ಪತ್ರೆಯಲ್ಲಿ ಡಾಕ್ಟರರ ಸಹಾಯಕನಾಗಿದ್ದು ನಿವೃತ್ತನಾದವನು. ನಿಲ್ಕುಂದದಿಂದ ಹೆಗಡೆಕಟ್ಟೆಯವರೆಗೆ ಅವನ ಸೂಜಿ ಕಂಡು ಓಡದ ಎಮ್ಮೆಯಿಲ್ಲ. ಊರಿಗೆಲ್ಲ ಅವನು ‘ಡಾಕ್ಟ್ರು’. ವಾಲಿಬಾಲ್ ಆಡಿದ್ದಾನೆಯೇ? ಬಾಲು ಹಾರಿ ಬಂದು ಅವನ ಅಂಗಳಕ್ಕೆ ಬಿದ್ದರೆ ಕಾಲಿನಿಂದ ಹೊರಗೆ ದೂಡುತ್ತಾನೆ. ಬಗ್ಗಿದರೆ ಸೊಂಟ ಹಿಡಿಯುತ್ತದಂತೆ! ಆಟದ ಜೊತೆ ಅವನ ನಂಟು ಇಷ್ಟೆ: ಶಿರಸಿಯಲ್ಲಿ ಅವನು ಕಟ್ಟಿದ ಮನೆ ಕಾಲೇಜು ಮೈದಾನದ ಎದುರಿಗಿದೆ. ಎದುರಿಗೆ ಸ್ಮಶಾನವಿದ್ದವರೆಲ್ಲ ವೇದಾಂತಿಗಳಾಗುತ್ತಾರೆಯೇ? ಆದರೆ ಮಾವ ಮಾತ್ರ ವಾಲಿಬಾಲ್ ಪಂಡಿತನಾಗಿಬಿಟ್ಟ.

ಕೋಚ್‌ಗಳನ್ನು ತೆಗೆಯುವ ಕಚೇರಿ ಪೇಟೆಯಲ್ಲಿರುವ ಒಂದು ಪಾತ್ರೆ ಅಂಗಡಿ. ಅದರ ಮಾಲೀಕರು ಬನವಾಸಿ ಕಡೆಯವರು. ಎಲ್ಲರೂ ಸಾವಕಾರರು ಎನ್ನುತ್ತಾರೆ. ಕುಕ್ಕರು, ಕೊಡಪಾನಗಳ ಜೊತೆ ಪಂದ್ಯಾವಳಿಗೆ ಬೇಕಾದ ಕಪ್ಪು, ಶೀಲ್ಡುಗಳನ್ನೂ ಅವರು ಮಾರುತ್ತಾರೆ. ಆದ್ದರಿಂದ ಯಾರು ಗೆದ್ದರೂ ಅವರಿಗೆ ಸಂತೋಷವೇ! ಅಂಗಡಿಯ ಮುಂದಿನ ಬೆಂಚಿನಲ್ಲಿ ದಿನಾ ಸಂಜೆ ಇವರಿಬ್ಬರ ಅಧಿವೇಶನ. ಮಾವ ಯಾರನ್ನು ತೆಗೆಯಬೇಕು ಎನ್ನುತ್ತಾನೋ ಅವನನ್ನು ಸಾವಕಾರರು ಉಳಿಸಬೇಕು ಎನ್ನುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಒಂದೇ ಒಂದು ದಿನ ಇಬ್ಬರೂ ಒಂದೇ ಮಾತು ಆಡಿದ್ದಿಲ್ಲ. ಮಳೆ ಬರುತ್ತಿದೆ ಎಂದು ಮಾವ ಹೇಳಿದರೆ ಸಾವಕಾರರು ಎದ್ದು ಅಂಗೈ ಚಾಚಿ ನೋಡಿಯೇ ಒಪ್ಪುವುದು.

ತೆಗೆಯಲು ಕಾರಣಗಳಾದರೂ ಎಂಥವು! ಮೊದಲನೆಯ ಕೋಚ್ ಆಟದ ನಡುವೆ ಟೀ ಕುಡಿದ. ಎರಡನೆಯವನು ತುಟಿ ಬಿಚ್ಚದೆ ಕೂತ. ಮೂರನೆಯವನು ವಿಪರೀತ ಕೂಗಾಡಿದ. ನಾಲ್ಕನೆಯವನು ಬಿಸಿಲಿಗೆ ಕೊಡೆ ಹಿಡಿದ. ಐದನೆಯವನಿಗೆ ಮದುವೆಯಾಯಿತು! ಆರನೆಯವನದು ಏನು ತಪ್ಪೆಂದು ಮಾವನಿಗೇ ನೆನಪಿಲ್ಲ, “ಆದ್ರೆ ತೆಗೆದಿದ್ದು ಸರಿ ಇದ್ದು” ಎನ್ನುತ್ತಾನೆ. ನಿಜದಲ್ಲಿ ಅವರೆಲ್ಲ ಗುತ್ತಿಗೆಯ ಮೇಲೆ ಬಂದವರು. ಒಬ್ಬನಿಗೆ ಸರಕಾರಿ ನೌಕರಿ ಸಿಕ್ಕಿತು, ಒಬ್ಬ ಊರಿಗೆ ಹೋದ, ಹೀಗೆ ತಾವಾಗಿಯೇ ಬಿಟ್ಟರು. ಆದರೆ ಬೆಂಚಿನ ದಾಖಲೆಯಲ್ಲಿ ಅವರೆಲ್ಲ ಮಾವನ ಒತ್ತಡಕ್ಕೆ ಮಣಿದು ಹೋದವರು.

ಆಟಗಾರರನ್ನು ಅವನು ಅಳೆಯುವ ರೀತಿಯೂ ಪಶು ಇಲಾಖೆಯದೇ. ಹೊಸ ಹುಡುಗನೊಬ್ಬ ಮೈದಾನಕ್ಕೆ ಇಳಿದರೆ ಮಾವ ಕಣ್ಣು ಕಿರಿದು ಮಾಡಿ ಅವನ ಕಾಲು ನೋಡುತ್ತಾನೆ. “ಮುಂಗಾಲು ಗಟ್ಟಿ ಇದ್ದು ಕೂಸೆ, ಹಿಂಗಾಲು ಭದ್ರ ಇಲ್ಲೆ.” ಅವನ ಬಾಯಲ್ಲಿ ನಾನು ಇಂದಿಗೂ ‘ಕೂಸು’, ಅಂದರೆ ಹುಡುಗಿ. ಮನುಷ್ಯನಿಗೆ ಮುಂಗಾಲು ಯಾವುದೆಂದು ಕೇಳಿದರೆ, “ನಿಂಗೆ ಎಂತ ಗೊತ್ತಿದ್ದು?” ಎಂದು ನನ್ನನ್ನೇ ಗದರುತ್ತಾನೆ.

ಒಮ್ಮೆ ಕಾಲೇಜಿನ ತಂಡ ಸಾಲಾಗಿ ಮೂರು ಪಂದ್ಯ ಸೋತಿತು. ಮಾವ ಪ್ರಿನ್ಸಿಪಾಲರಿಗೆ ಅರ್ಜಿ ಬರೆದ. ಪಶು ಇಲಾಖೆಯ ವರದಿಯ ಧಾಟಿ! ‘ತಂಡದ ಸ್ಥಿತಿ: ಮೇವು ಚೆನ್ನಾಗಿ ತಿನ್ನುತ್ತದೆ, ದುಡಿಮೆ ಇಲ್ಲ. ರೋಗದ ಮೂಲ: ಕೋಚ್. ಚಿಕಿತ್ಸೆ: ಕೂಡಲೇ ಬೇರ್ಪಡಿಸುವುದು.’ ಪ್ರಿನ್ಸಿಪಾಲರು ಸಜ್ಜನರು, ಉತ್ತರ ಬರೆದರು. ‘ತಮ್ಮ ಕಾಳಜಿಗೆ ಧನ್ಯವಾದಗಳು. ತಮ್ಮ ಮಕ್ಕಳು ನಮ್ಮಲ್ಲಿ ಯಾವ ತರಗತಿಯಲ್ಲಿ ಓದುತ್ತಿದ್ದಾರೆಂದು ದಯವಿಟ್ಟು ತಿಳಿಸಿ.’ ಸಾವಕಾರರು ಅದನ್ನು ಬೆಂಚಿನ ಮೇಲೆ ಗಟ್ಟಿಯಾಗಿ ಓದಿದರು. ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಏಕೆಂದರೆ ಮಾವನ ಇಬ್ಬರು ಹೆಣ್ಣುಮಕ್ಕಳೂ ಓದಿದ್ದು ಸಿದ್ದಾಪುರದ ಕಾಲೇಜಿನಲ್ಲಿ. ಅಂದರೆ ಖಾಸಾ ಶತ್ರುಪಾಳಯದಲ್ಲಿ!

ಇಂಥ ಮಾವನ ಪಾಲಿಗೆ ಏಳನೆಯ ಕೋಚ್ ಬಂದ. ಬಂದವನು ವಾಲಿಬಾಲ್ ಆಟಗಾರನೇ ಅಲ್ಲ, ಕಬಡ್ಡಿಯವನು. ಸುದ್ದಿ ಕೇಳಿದ ದಿನ ಮಾವ ಊಟ ಬಿಟ್ಟ. ಊಟ ಎಂದರೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಸಂಜೆ ನಾನು ಸೊಸೈಟಿಯ ಕೆಲಸ ಮುಗಿಸಿ ಬರುವಾಗ ಬೆಂಚಿನಲ್ಲಿ ಯುದ್ಧ ನಡೆದಿತ್ತು.

“ಎಂತ ಮಾರಾಯ್ರೆ ಇದು? ಬಾಲಿಗೆ ಕಾಲು ಉಂಟಾ, ಹಿಡಿದು ಎಳೆಯೋಕೆ? ಎಮ್ಮೆ ನೋಡುವವನ ಹತ್ರ ಕೋಳಿ ತಗೊಂಡು ಹೋದ ಹಾಗಾಯ್ತು!”

ಸಾವಕಾರರು ಕೊಡಪಾನ ಒರೆಸುತ್ತ ನಿಧಾನಕ್ಕೆ ಹೇಳಿದರು: “ಅಲ್ರೀ ಡಾಕ್ಟ್ರ, ನೀವು ಎಮ್ಮಿಗೂ ಸೂಜಿ ಚುಚ್ಚೀರಿ, ಕೋಳಿಗೂ ಚುಚ್ಚೀರಿ. ಆವಾಗ ಯಾರರ ಅರ್ಜಿ ಬರದ್ರೇನು?”

ಮಾವ ವಾದದ ದಾರಿ ಬದಲಿಸಿದ. 

“ಅಂವ ನಿಮ್ಮೂರವ ಅಂತ ನೀವು ವಹಿಸ್ಕೊಂಡು ಮಾತಾಡ್ತೀರಿ!”

“ನಮ್ಮೂರವ ಅಲ್ರೀ, ನಮ್ಮೂರ ಆಚಿ ಊರವ. ನಮಗೂ ಆ ಊರವ್ರಿಗೂ ಆಗಿಬರಂಗಿಲ್ಲ. ಆದ್ರೂ ನಾ ಅವನ ಪರ. ಈಗೇನ್ ಅಂತೀರಿ?”



ಹೊಸ ಕೋಚ್ ಮೊದಲ ವಾರ ಬಾಲನ್ನೇ ಮುಟ್ಟಿಸಲಿಲ್ಲ. ಉಸಿರು ಬಿಗಿಹಿಡಿದು ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಮೈದಾನ ಸುತ್ತಿಸಿದ. ಮಾವ ಜಗಲಿಯಲ್ಲಿ ಕೂತು ತಲೆ ಚಚ್ಚಿಕೊಂಡ. ಆದರೆ ಆ ವರ್ಷ ಹುಡುಗರು ನೆಲಕ್ಕೆ ಬೀಳುವ ಬಾಲಿಗೆಲ್ಲ ಹಾರಿ ಹಾರಿ ಕೈ ಒಡ್ಡತೊಡಗಿದರು. ಎರಡು ಪಂದ್ಯ ಗೆದ್ದರು. “ಗೆದ್ದಿದ್ದು ಹೌದು, ಗೆದ್ದ ರೀತಿ ಸರಿ ಇಲ್ಲೆ” ಎಂದು ಮಾವ ತೀರ್ಪು ಕೊಟ್ಟ.

ಮೂರನೆಯ ಪಂದ್ಯ ಯಲ್ಲಾಪುರದಲ್ಲಿ. ಗೆದ್ದರೆ ಮುಂದಿನ ಹಂತ. ನನ್ನ ಹಳೆಯ ಕಾರಿನಲ್ಲಿ ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಜಗಳ. ಒಂದು ಹಂತದಲ್ಲಿ ನಾನು ಕಾರು ನಿಲ್ಲಿಸಿ, “ಇಬ್ರೂ ಇಳೀರಿ, ಜಗಳ ಮುಗಿಸಿ ಹತ್ತಿ” ಎಂದೆ. ಇಬ್ಬರೂ ವಿಧೇಯರಾಗಿ ಇಳಿದರು. ಅಲ್ಲಿ ನಿಂತು ನನ್ನ ಡ್ರೈವಿಂಗ್ ಸರಿಯಿಲ್ಲ ಎಂಬ ವಿಷಯದಲ್ಲಿ ಪರಸ್ಪರ ಒಪ್ಪಿಕೊಳ್ಳುವುದರಲ್ಲಿದ್ದರು. ಅಷ್ಟರಲ್ಲಿ ಸಾವಕಾರರಿಗೆ ಅಪಾಯದ ಅರಿವಾಗಿ, “ಇಲ್ರೀ, ಹುಡುಗಿ ಚಲೋ ಹೊಡೀತಾಳ” ಎಂದುಬಿಟ್ಟರು.

ಪಂದ್ಯ ಕೊನೆಯ ಸೆಟ್ಟಿಗೆ ಬಂತು. ಎರಡೂ ಕಡೆ ಸಮ ಸಮ. ಮಾವನಿಗೆ ಕೂರಲಾಗಲಿಲ್ಲ. ಗೆರೆಯ ತನಕ ಹೋಗಿ ನಿಂತ. ಕೋಚ್ “ಹಿಂದ ಸರಿ, ಹಿಂದ ಸರಿ” ಎಂದು ಕೂಗುತ್ತಿದ್ದರೆ ಮಾವ “ಮುಂದೆ ಹೋಗೋ, ಮುಂದೆ!” ಎಂದು ಅರಚುತ್ತಿದ್ದ. ಹಿಂದಿನ ಮೂಲೆಯಲ್ಲಿದ್ದ ಆಟಗಾರ, ತೆಳ್ಳಗಿನ ಕನ್ನಡಕದ ಹುಡುಗ, ಗಲಿಬಿಲಿಯಾಗಿ ಮಾವನ ಕಡೆ ತಿರುಗಿ “ಎಂತ ಅಜ್ಜ?” ಎಂದ.

ಬಾಲು ಅವನ ಬೆನ್ನ ಹಿಂದೆ ಮೆತ್ತಗೆ ಬಿತ್ತು. ಯಲ್ಲಾಪುರದವರು ಕುಣಿದರು. ಪಂದ್ಯ ಹೋಯಿತು, ವರ್ಷವೂ ಹೋಯಿತು.

ಹುಡುಗ ಅಲ್ಲೇ ನೆಲಕ್ಕೆ ಕೂತು ಅಳತೊಡಗಿದ. ಕೋಚ್ ಬೈಯಲಿಲ್ಲ. ಅವನನ್ನು ಎಬ್ಬಿಸಿ, ಹೆಗಲ ಮೇಲೆ ಕೈ ಹಾಕಿಕೊಂಡು ವ್ಯಾನಿನ ತನಕ ನಡೆಸಿಕೊಂಡು ಹೋದ. ಹೋಗುವಾಗ ಮಾವನೆದುರು ಅರೆಕ್ಷಣ ನಿಂತು ಕೈಮುಗಿದು, “ಅಜ್ಜಾರ, ಕೂಗಾಕ ನಾ ಒಬ್ಬವ ಸಾಕ್ರಿ” ಎಂದ. ಅಷ್ಟೆ.

ವಾಪಸು ಬರುವಾಗ ಮಾವ ಜಗಳ ಬಿಟ್ಟು ಕಿಟಕಿಯಾಚೆಯ ಮರಗಳನ್ನೇ ನೋಡುತ್ತ ಕೂತಿದ್ದ. ಮಾವನಿಗೆ ಪಶ್ಚಾತ್ತಾಪವಾಗಿದೆ ಎಂದು ನನಗೆ ಖುಷಿಯಾಗತೊಡಗಿತು. ಶಿರಸಿ ಹತ್ತಿರ ಬಂದಾಗ ಅವನು ಗಂಟಲು ಸರಿಮಾಡಿಕೊಂಡ.

“ಕೂಸೆ, ನೋಡುವವರನ್ನ ಸುಮ್ನಿರ್ಸಲೆ ಬರ್ದೇ ಇದ್ದವ ಎಂಥಾ ಕೋಚು? ಇಂವನ್ನ ತೆಗೆಯವು!” ತೆಗೆಯಲೇಬೇಕಂತೆ!

ಸಾವಕಾರರು ನಕ್ಕು ನಕ್ಕು ಕೆಮ್ಮಿದರು. ಆ ನಗು ನನಗೆ ಇನ್ನೂ ಕೇಳುತ್ತದೆ. ಯಾಕೆಂದರೆ ಅದಾಗಿ ಹದಿನೈದು ದಿನಕ್ಕೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ನಿಂತಿತು. ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲು ಹತ್ತಿಸುವುದಾಗದೆ ಅವರನ್ನು ಸಿದ್ದಾಪುರದ ಮಗಳ ಮನೆಗೆ ಕರೆದುಕೊಂಡು ಹೋದರು.

ಮಾವ ನೋಡಲು ಹೋಗಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಸಂಜೆ ಬೆಂಚಿಗೆ ಹೋಗಿ ಕೂರುತ್ತಿದ್ದ. ಪಕ್ಕದ ಔಷಧಿ ಅಂಗಡಿಯವರು ಪಾಪ, ಜೊತೆಗೆ ಬಂದು ಕೂತು “ಹೌದು ಡಾಕ್ಟ್ರೆ, ಸರಿ ಡಾಕ್ಟ್ರೆ, ಕೋಚ್‌ನ ತೆಗೀಲೇಬೇಕು ಡಾಕ್ಟ್ರೆ” ಎನ್ನುತ್ತಿದ್ದರು. ಮಾವ ಐದೇ ನಿಮಿಷಕ್ಕೆ ಎದ್ದು ಮನೆಗೆ ಬರುತ್ತಿದ್ದ. ಒಪ್ಪುವವನ ಜೊತೆ ಮನುಷ್ಯ ಎಷ್ಟು ಹೊತ್ತು ಕೂರಲು ಸಾಧ್ಯ?

“ಸಾವಕಾರರನ್ನ ನೋಡ್ಕಂಡು ಬಪ್ಪನ ಮಾವ” ಎಂದು ನಾನೇ ಒಂದು ದಿನ ಕರೆದೆ.

“ಹೋಗಿ ಎಂತ ಮಾತಾಡದು ಕೂಸೆ?” ಎಂದ. ಮತ್ತೆ ಮೆಲ್ಲಗೆ, “ಆನು ಹೇಳಿದ್ದಕ್ಕೆ ಅವ್ರು ಎಂತೂ ಹೇಳದೆ ಇದ್ರೆ?” ಎಂದ.

ಅಷ್ಟರಲ್ಲಿ ಕೋಚ್‌ನ ಗುತ್ತಿಗೆ ಮುಗಿಯುತ್ತ ಬಂತು. ಮುಂದುವರಿಸುವುದೋ ಬಿಡುವುದೋ ಎಂದು ಕಾಲೇಜಿನವರು ಸೋಮವಾರ ತೀರ್ಮಾನಿಸುತ್ತಾರಂತೆ. ಯಲ್ಲಾಪುರದ ಸೋಲಿನಿಂದ ಊರವರಿಗೆಲ್ಲ ಅವನ ಮೇಲೆ ಸಿಟ್ಟಿತ್ತು. ಮಾವನ ಅರ್ಜಿಯೂ ಸಿದ್ಧವಾಯಿತು: ಒಂದೂವರೆ ಪುಟ, ಲಕ್ಷಣ, ಮೂಲ, ಚಿಕಿತ್ಸೆ ಸಮೇತ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಕಾರಿನ ಹತ್ತಿರ ಬಂದು ನಿಂತ. “ಸಿದ್ದಾಪುರಕ್ಕೆ ಹೋಪನ. ಎದುರು ಪಾರ್ಟಿಗೆ ಓದಿ ಹೇಳದೆ ಅರ್ಜಿ ಕೊಟ್ರೆ ನ್ಯಾಯ ಆಗ್ತಿಲ್ಲೆ.”

ಸಾವಕಾರರು ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮಾವ ಹೇಗಿದ್ದೀರಿ ಎಂದು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಓದಿ ಮುಗಿಸಿ ತಲೆಯೆತ್ತಿದ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಉತ್ತರಕ್ಕಾಗಿ ಕಾದ.

ಉತ್ತರ ಬರಲಿಲ್ಲ. ಸಾವಕಾರರ ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು. ಗಂಟಲಲ್ಲಿ ಏನೋ ಒಂದು ಸದ್ದು ಬಂದು ಅಲ್ಲೇ ನಿಂತಿತು. ನಾನು ಬಾಗಿಲ ಕಡೆ ತಿರುಗಿದೆ.

ಆಗ ಮಾವ ಹೇಳಿದ: “ನೀವು ಎಂತ ಹೇಳ್ತೀರಿ ಅಂತ ನಂಗೆ ಗೊತ್ತುಂಟು. ಅಲ್ರೀ ಡಾಕ್ಟ್ರ, ಅಂತೀರಿ. ಆ ಹುಡುಗರಿಗೆ ಬಿದ್ದು ಏಳೋದು ಕಲಿಸಿದವ ಯಾರ್ರೀ, ಅಂತೀರಿ.” ಅವನ ದನಿ ತಾನಾಗಿಯೇ ಬನವಾಸಿಯ ಕಡೆಗೆ ವಾಲತೊಡಗಿತ್ತು. ಮರುಕ್ಷಣ ತನ್ನ ದನಿಯಲ್ಲಿ, “ಬಿದ್ದು ಏಳೋಕೆ ಕೋಚ್ ಎಂತಕ್ಕೆ ಮಾರಾಯ್ರೆ?” ಎಂದ. ಮತ್ತೆ ಸಾವಕಾರರಾಗಿ ಅದಕ್ಕೆ ಜವಾಬು ಕೊಟ್ಟ. ಒಂದು ಕಡೆ ಅವರ ಮಾತನ್ನು ಅವನು ಸ್ವಲ್ಪ ತಪ್ಪಾಗಿ ಹೇಳಿದನೆಂದು ಕಾಣುತ್ತದೆ, ಸಾವಕಾರರ ಎಡಗೈ ಎದ್ದು ಮಂಚದ ಪಟ್ಟಿಗೆ ಟಪ್ಪೆಂದು ಹೊಡೆಯಿತು. “ಸರಿ ಸರಿ, ತಪ್ಪಾಯ್ತು” ಎಂದು ಮಾವ ತಿದ್ದಿಕೊಂಡ. ಅಡಿಗೆಮನೆಯಿಂದ ಬಂದ ಮಗಳು ಸೌಟು ಹಿಡಿದು ಹಾಗೇ ನಿಂತಳು. ಅಪ್ಪ ಎಡಗೈ ಅಷ್ಟು ಜೋರಾಗಿ ಎತ್ತಿದ್ದು ಅವಳು ಈಚೆಗೆ ನೋಡಿರಲಿಲ್ಲವಂತೆ.

ವಾದ ಅರ್ಧ ಗಂಟೆ ನಡೆಯಿತು. ಸಾವಕಾರರ ಪಕ್ಷ ಬಲವಾಗುತ್ತ ಹೋಯಿತು. ಕಡೆಗೆ ಮಾವ, ಸಾವಕಾರರ ದನಿಯಲ್ಲಿ, ತನ್ನನ್ನು ತಾನೇ ಕೇಳಿದ: “ಯಲ್ಲಾಪುರದಾಗ ಬಾಲ್ ಬಿಟ್ಟ ಹುಡುಗಗ ಕೋಚ್ ಒಂದರ ಮಾತು ಬೈದನೇನ್ರಿ? ಹೆಗಲ ಮ್ಯಾಲ ಕೈ ಹಾಕಿ ಕರ್ಕೊಂಡು ಹೋದ. ಕೂಗಿದವ್ರು ಯಾರು ಡಾಕ್ಟ್ರ? ಹೇಳ್ರಿ, ಯಾರು?”

ಮಾವ ಅರ್ಜಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ‘ಬೇರ್ಪಡಿಸುವುದು’ ಎಂಬುದನ್ನು ಹೊಡೆದುಹಾಕಿ ‘ಮುಂದುವರಿಸುವುದು’ ಎಂದು ಬರೆದ. ಸಾವಕಾರರ ಎಡಗೈಗೆ ಪೆನ್ನು ಕೊಟ್ಟು, ತನ್ನ ಸಹಿಗಿಂತ ಮೇಲೆ ಅವರ ಸಹಿ ಹಾಕಿಸಿದ. ಸಹಿ ಎಂದರೆ ಒಂದು ಗೀಟು.

ಕೋಚ್ ಉಳಿದ. ಅರ್ಜಿಯಿಂದ ಉಳಿದನೋ, ಬೇರೆ ಯಾರೂ ಸಿಗದೆ ಉಳಿದನೋ, ಯಾರಿಗೆ ಗೊತ್ತು? ತಂಡ ಈ ವರ್ಷವೂ ಸೋಲುತ್ತಲೇ ಇದೆ. ಮಾವ ಮಾತ್ರ ಪ್ರತಿ ಭಾನುವಾರ ಹೊಸ ಹೊಸ ಆರೋಪ ಹೊತ್ತುಕೊಂಡು ಸಿದ್ದಾಪುರಕ್ಕೆ ಹೊರಡುತ್ತಾನೆ. ನಾನು ಬಾಗಿಲ ಹೊರಗೆ ಕೂತು ಎರಡೂ ಪಕ್ಷವನ್ನು ಕೇಳುತ್ತೇನೆ. ಒಂದು ಮಾತು ಹೇಳಲೇಬೇಕು, ತನ್ನದಕ್ಕಿಂತ ಸಾವಕಾರರ ವಾದವನ್ನೇ ಅವನು ಹೆಚ್ಚು ಅಚ್ಚುಕಟ್ಟಾಗಿ ಮಂಡಿಸುತ್ತಾನೆ.

ಮೊನ್ನೆ ವಾಪಸು ಹೊರಟಾಗ ಕಾರಿನಲ್ಲಿ ಕೂತು, ಕನ್ನಡಕ ತೆಗೆದು, ಗಾಜನ್ನು ಬಹಳ ಹೊತ್ತು ಒರೆಸಿದ. ಆಮೇಲೆ ಕಣ್ಣನ್ನೂ ಒರೆಸಿಕೊಂಡ. ನಾನು ಕಂಡೂ ಕಾಣದಂತೆ ಗಾಡಿ ಶುರು ಮಾಡಿದೆ.

“ಇವತ್ತೂ ಅವ್ರನ್ನ ಸೋಲ್ಸಲೆ ಆಜಿಲ್ಲೆ ಕೂಸೆ” ಎಂದ.