ಬೆಲ್ಲದ ಬಲದ ಜಲಾಂತರ್ಗಾಮಿ

ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕುಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೂವತ್ತೊಂದು ವರ್ಷ ತಿರುಗಾಡಿದ ಮಹಾಪುರುಷ ನಾನು! ಗಾಬರಿಯಾಗಬೇಡಿ, ನಾನು ಸರ್ವೆಯವನು. ಗುಡ್ಡ, ಹೊಳೆ, ರಸ್ತೆ, ಮಸೀದಿ, ದೇವಸ್ಥಾನ ಎಲ್ಲವನ್ನೂ ಅಳತೆ ತಪ್ಪದಂತೆ ಕುಗ್ಗಿಸಿ ಕಾಗದಕ್ಕೆ ಇಳಿಸಿದ ಕೈ ಇದು. ನಿವೃತ್ತಿಯಾಯಿತೆಂದು ಅಂಥ ಕೈ ಸುಮ್ಮನೆ ಕೂರುತ್ತದೆಯೇ?

ಒಮ್ಮೆ ಮೂಡುಬಿದಿರೆಯ ಪ್ರದರ್ಶನವೊಂದರಲ್ಲಿ ಯಾರೋ ಮಾಡಿದ ಯುದ್ಧನೌಕೆಯ ಮಾದರಿ ನೋಡಿದೆ. ಅದರ ಅಂಚಿನ ಕಂಬಿ, ಪಕ್ಕದಲ್ಲಿ ನಿಲ್ಲಿಸಿದ ನಾವಿಕನ ಮೂಗಿನವರೆಗೆ ಬರುತ್ತಿತ್ತು! ಆ ಬಡಪಾಯಿ ಶತ್ರುವನ್ನು ನೋಡಬೇಕಾದರೆ ಸ್ಟೂಲು ಹಾಕಬೇಕು. ನನ್ನ ರಕ್ತ ಕುದಿಯಿತು. ಅಲ್ಲೇ ಶಪಥ ಮಾಡಿದೆ: ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯೊಂದನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಕಟ್ಟುತ್ತೇನೆ!

ಅಸಲಿ ಹಡಗಿನ ಉಕ್ಕಿನ ಒಡಲು ಅಡ್ಡಕ್ಕೆ ನಾಲ್ಕು ಮೀಟರ್ ಎಪ್ಪತ್ತು ಸೆಂಟಿಮೀಟರ್. ಎಪ್ಪತ್ತೈದರಿಂದ ಭಾಗಿಸಿದೆ. ಏನು ಬಂತು ಹೇಳಿ? ಅರವತ್ತಮೂರು ಮಿಲಿಮೀಟರ್! ಅಂದರೆ ನಮ್ಮ ಪಂಪಿಗೆ ಹಾಕುವ ಪೈಪು! ಜರ್ಮನಿಯ ಎಂಜಿನಿಯರುಗಳು ಮಾಣಿ ಪೇಟೆಯ ಅಂಗಡಿಯನ್ನು ಮನಸ್ಸಿನಲ್ಲಿಟ್ಟೇ ಹಡಗು ಕಟ್ಟಿದ್ದರೆನ್ನಿ.

ಆ ಅಂಗಡಿ ಅಬ್ದುಲ್ ರವೂಫನದು.

"ಎಷ್ಟು ಪೈಪ್ ಸಾರ್?" ಅಂದ.

"ಅರವತ್ತೇಳು ಸೆಂಟಿಮೀಟರ್."

"ಅಷ್ಟೇಯಾ? ಬಾವಿಗಾ, ಟಾಯ್ಲೆಟ್ಟಿಗಾ?"

"ಅಟ್ಲಾಂಟಿಕ್ ಸಾಗರಕ್ಕೆ!"

ರವೂಫ್ ಕಣ್ಣು ಮಿಟುಕಿಸಲಿಲ್ಲ. "ಹಾಗಾದ್ರೆ ಗಮ್ ಒಳ್ಳೇದು ತಕೊಳ್ಳಿ ಸಾರ್. ಲೀಕ್ ಆದ್ರೆ ನಾನು ಅಲ್ಲಿವರೆಗೆ ಬರುದಿಲ್ಲ."

ಐದು ತಿಂಗಳು ದುಡಿದೆ. ಮುಂದೆ ಹಿಂದೆ ಮರದ ಮೂತಿ, ಬಾಲ ಸೇರಿ ಎಂಬತ್ತೊಂಬತ್ತೂವರೆ ಸೆಂಟಿಮೀಟರ್. ಹದಿನೈದು ಮಿಲಿಮೀಟರ್ ಎತ್ತರದ ಕಂಬಿ, ತೊಗರಿಬೇಳೆಯಷ್ಟು ದೊಡ್ಡ ಮುಚ್ಚಳ, ಪೆರಿಸ್ಕೋಪು, ಫಿರಂಗಿ! ಊಟದ ಮೇಜು ಹಡಗುಕಟ್ಟೆಯಾಯಿತು. ನಾವು ನೆಲದಲ್ಲಿ ಕೂತು ಉಂಡೆವು.

ಹೆಂಡತಿ ಶುಭಶ್ರೀ ಒಂದು ದಿನ ಕೇಳಿದಳು, "ಇದು ಎಷ್ಟರ ಅಳತೆ?"

"ಎಪ್ಪತ್ತೈದಕ್ಕೆ ಒಂದು!" ನಾನು ಎದೆಯುಬ್ಬಿಸಿದೆ.

"ಬಚ್ಚಲಿನ ಬಾಗಿಲು ಒಂದಕ್ಕೆ ಒಂದು ಅಳತೆಯಲ್ಲೇ ನೇತಾಡ್ತಾ ಉಂಟು. ಅದು ನಿಮ್ಮ ಕಣ್ಣಿಗೆ ಕಾಣುದಿಲ್ವಾ?"

ಇಂಥ ಟಾರ್ಪೆಡೋಗಳಿಗೆಲ್ಲ ಅಂಜುವ ನಾವಿಕ ನಾನಲ್ಲ. ನಿಜವಾದ ಹೊಡೆತ ಬಂದದ್ದು ಅವಳ ಅಣ್ಣನಿಂದ. ವೆಂಕಟೇಶ್ವರ ಭಾವ ಹದಿನೈದು ವರ್ಷ ನೌಕಾಪಡೆಯ ಜಲಾಂತರ್ಗಾಮಿಯಲ್ಲಿ ಇದ್ದು ಬಂದವರು, ಈಗ ತೋಡಾರಿನಲ್ಲಿ ಮನೆ. ನಾನು ಕಳಿಸಿದ ಫೋಟೋ ನೋಡಿ ಫೋನು ಮಾಡಿದರು.

"ಚಂದ ಉಂಟು ಭಾವ. ಮುಳುಗ್ತದಾ?"

"ಅದು... ಪ್ರದರ್ಶನಕ್ಕೆ ಭಾವ."

"ಮುಳುಗಿ ಏಳದ್ದು ಸಬ್‌ಮರೀನ್ ಅಲ್ಲ ಭಾವ, ಅದು ಪೈಪು."

ಪೈಪು! "ಭಾನುವಾರ ಮಾಣಿಗೆ ಬನ್ನಿ! ಮುಳುಗಿಸಿ ಏಳಿಸಿ ತೋರಿಸ್ತೇನೆ!" ಎಂದು ಗುಡುಗಿದೆ. ಬದಿಯಲ್ಲಿದ್ದ ಶುಭಶ್ರೀ ಆ ಕ್ಷಣವೇ ತೀರ್ಪು ಬರೆದಳು.

"ಎದ್ದರೆ ಚಾವಡಿಯ ಷೋಕೇಸು. ಏಳದಿದ್ದರೆ ಅಟ್ಟ. ಮತ್ತೆ ನನ್ನ ಊಟದ ಮೇಜಿನ ಹತ್ತಿರ ಆ ಪೈಪ್ ಬರಕೂಡದು."

ಅಟ್ಟ! ಐದು ತಿಂಗಳ ತಪಸ್ಸು ಹಳೇ ಚಾಪೆಗಳ ನಡುವೆಯೇ? ನಾನು ಯೋಚನೆಗೆ ಕೂತೆ, ಉಪಾಯ ಹೊಳೆಯಿತು. ಹಡಗು ತಾನಾಗಿ ತೇಲುತ್ತದೆ. ಕೆಳಗೆ ಕಬ್ಬಿಣದ ಗುಂಡು ಕಟ್ಟಿದರೆ ಮುಳುಗುತ್ತದೆ. ಗುಂಡಿನ ದಾರವನ್ನು ತೂತು ಮಾಡಿದ ಬೆಲ್ಲದ ತುಂಡಿಗೆ ಕಟ್ಟಿದರೆ? ಬೆಲ್ಲ ಕರಗಿತು, ದಾರ ಜಾರಿತು, ಗುಂಡು ಕಳಚಿತು, ಹಡಗು ಮೇಲೆ! ಯುದ್ಧಕಾಲದ ಜರ್ಮನರಿಗೆ ಬೆಲ್ಲ ಸಿಕ್ಕಿರಲಿಲ್ಲ, ಇಲ್ಲವಾದರೆ ಚರಿತ್ರೆಯೇ ಬೇರೆ.

ನೀಲಿ ಡ್ರಮ್ಮಿನಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ. ಕೊನೆಗೆ ಲೆಕ್ಕ ಕೂಡಿತು: ಇಪ್ಪತ್ತಾರು ಗ್ರಾಂ ಬೆಲ್ಲ, ಒಂಬತ್ತು ನಿಮಿಷ! ಭಾನುವಾರ ಬೆಳಿಗ್ಗೆ ಆ ತುಂಡನ್ನು ಕೆತ್ತಿ, ನಡುವೆ ತೂತು ಕೊರೆದು, ಸಣ್ಣ ತಟ್ಟೆಯಲ್ಲಿ ಚಾವಡಿಯ ಕಿಟಕಿಯ ಮೇಲಿಟ್ಟು ಅಂಗಿ ಬದಲಿಸಲು ಒಳಗೆ ಹೋದೆ. ಬರುವಾಗ ಏನು ನೋಡಲಿ! ಭಾವ ಕುರ್ಚಿಯಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ನೀರಿನ ಚೊಂಬು. ಬಾಯಲ್ಲಿ ಕಟಕಟ ಸದ್ದು.

"ಶುಭಾ, ಬೆಲ್ಲದಲ್ಲಿ ಇದೆಂತ ತೂತು?"

"ಈಗ ಅಂಗಡಿಯಲ್ಲಿ ಹಾಗೇ ಬರ್ತದೋ ಏನೋ ಅಣ್ಣ."

ನಮ್ಮೂರಿನಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡಬೇಕು, ಮಾತೆಲ್ಲ ಆಮೇಲೆ. ಹಿರಿಯರು ಮಾಡಿಟ್ಟ ಒಳ್ಳೆಯ ಪದ್ಧತಿ. ಆದರೆ ಆ ಹಿರಿಯರ ಕಾಲದಲ್ಲಿ ಜಲಾಂತರ್ಗಾಮಿ ಇರಲಿಲ್ಲವಲ್ಲ! ನಾನು ಶುಭಶ್ರೀಯನ್ನು ಅಡುಗೆಮನೆಗೆ ಕರೆದೆ.

"ನನ್ನ ಯಂತ್ರ ಎಲ್ಲಿ?" ಪಿಸುಗುಟ್ಟಿದೆ.

"ಯಾವ ಯಂತ್ರ?"

"ಅಣ್ಣನ ಬಾಯಲ್ಲಿ ಉಂಟಲ್ಲ, ಅದು!"

"ಮತ್ತೆ ಡಬ್ಬ ಖಾಲಿ ಮಾಡಿಟ್ಟದ್ದು ಯಾರು? ಎರಡು ಕಿಲೋ ಬೆಲ್ಲ ಡ್ರಮ್ಮಿಗೆ ಕುಡಿಸಿದ್ದು ಯಾರು? ಅಣ್ಣನಿಗೆ ಬರೀ ನೀರು ಕೊಡ್ಲಿಕ್ಕೆ ಆಗ್ತದಾ?"

ಭಾವನಲ್ಲಿ ಹೇಳಿಬಿಡಬಹುದಿತ್ತು. ಆದರೆ "ನೀವು ನನ್ನ ಎಂಜಿನ್ನು ತಿಂದಿರಿ" ಎಂದು ನೌಕಾಪಡೆಯವರ ಮುಂದೆ ಹೇಳುವುದು ಹೇಗೆ? ಕಪಾಟಿನ ಮೂಲೆಯಲ್ಲಿ ಒಂದು ದೊಡ್ಡ ಕಲ್ಲುಸಕ್ಕರೆ ಸಿಕ್ಕಿತು. ಅದೂ ಸಿಹಿ, ಇದೂ ಸಿಹಿ. ಸ್ವಲ್ಪ ಗಟ್ಟಿ, ಹೆಚ್ಚೆಂದರೆ ಹದಿನೆಂಟು ನಿಮಿಷ! ದಾರ ಕಟ್ಟಿ ಹಿತ್ತಲಿನ ಸಿಮೆಂಟು ಟ್ಯಾಂಕಿಯ ಹತ್ತಿರ ಮೆರವಣಿಗೆ ಹೊರಟೆ. ಅದು ಎದೆಮಟ್ಟದ ಟ್ಯಾಂಕಿ, ಮನೆಯ ನಲ್ಲಿಗಳಿಗೆಲ್ಲ ಅದರದ್ದೇ ನೀರು.

ಹಡಗು ಇಳಿಯಿತು ನೋಡಿ! ಗುಳುಗುಳು ಎನ್ನದೆ, ಓಲಾಡದೆ, ಮಹಾರಾಣಿಯಂತೆ ತಳಕ್ಕೆ ಹೋಗಿ ಕೂತಿತು. ಭಾವ ಚಪ್ಪಾಳೆ ತಟ್ಟಿದರು. "ಮೇಲೆ ಬರುದು ಯಾವಾಗ?"

"ಹದಿನೆಂಟು ನಿಮಿಷಕ್ಕೆ ಸರಿಯಾಗಿ!"

ಹದಿನೆಂಟಾಯಿತು. ಮೂವತ್ತಾಯಿತು. ಐವತ್ತಾಯಿತು. ಭಾವ ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು.

"ಯುದ್ಧಕಾಲದಲ್ಲಿ ಇದು ಇಡೀ ದಿನ ನೀರಿನಡಿ ಇರುತ್ತಿತ್ತು ಭಾವ. ನನ್ನದು ನಿಖರ ಮಾದರಿ!"

"ಹಾಗಾದ್ರೆ ನಾವು ಊಟ ಮಾಡುವ," ಅಂದಳು ಶುಭಶ್ರೀ.

ಎಲೆಯ ಮುಂದೆ ಕೂತೆ. ಕಣ್ಣು ಮುಚ್ಚಿದರೆ ಅಟ್ಟದ ಜೇಡ ಕಾಣುತ್ತಿತ್ತು. ಕೋಲು ಹಾಕಿ ಎತ್ತಿದರೆ ಹದಿನೈದು ಮಿಲಿಮೀಟರಿನ ಕಂಬಿ ಮುರಿಯುತ್ತದೆ. ತಲೆ ಮುಳುಗಿಸದೆ ಕೈ ತಳಕ್ಕೆ ಎಟಕುವುದಿಲ್ಲ. ನೀರು ಸ್ವಲ್ಪ ತಗ್ಗಿದರೆ? ಕೈ ಹಾಕಿ ಗುಂಡು ಕಳಚಿ, ಏನೂ ಅರಿಯದವನಂತೆ ಬಂದು ಪಾಯಸಕ್ಕೆ ಕೂರಬಹುದು! "ಒಂದು ನಿಮಿಷ ಬಂದೆ" ಎಂದವನೇ ಹಿತ್ತಲಿಗೆ ಓಡಿ ಟ್ಯಾಂಕಿ ತೊಳೆಯುವಾಗ ತೆಗೆಯುವ ಬಿರಡೆಯನ್ನು ಎಳೆದೆ.

ಎಳೆದದ್ದು ಸುಲಭ. ಹಾಕುವುದು ಯಾರು? ಬಿರಡೆ ನೀರಿನ ರಭಸಕ್ಕೆ ಕೈಜಾರಿ ಚರಂಡಿ ಸೇರಿತು, ಅದರ ಹಿಂದೆ ಇಡೀ ಸಾಗರವೇ ಹೊರಟಿತು! ಅಂಗೈ ಒತ್ತಿದೆ, ಹೆಗಲ ಮೇಲಿನ ಬೈರಾಸು ತುರುಕಿದೆ, ಕೊನೆಗೆ ಬೆನ್ನು ಆನಿಸಿ ಕೂತೆ. ಹೊಸ ಅಂಗಿ ಒದ್ದೆಯಾದದ್ದೇ ಲಾಭ.

ಅಷ್ಟರಲ್ಲಿ ಒಳಗಿನಿಂದ ನಲ್ಲಿ "ಫುಸ್ಸ್" ಎಂದು ಉಸಿರು ಬಿಟ್ಟ ಸದ್ದು.

"ಕೈ ತೊಳೀಲಿಕ್ಕೆ ನೀರೇ ಇಲ್ಲ! ಬೆಳಿಗ್ಗೆ ಟ್ಯಾಂಕಿ ತುಂಬಿಸಿದ್ದೇನೆ ನಾನು!" ಶುಭಶ್ರೀಯ ಸ್ವರ. ಪಂಪು ಹಾಕೋಣವೆಂದರೆ ಕರೆಂಟು ಇಲ್ಲ. ಅಣ್ಣ ತಂಗಿ ಇಬ್ಬರೂ ಎಂಜಲು ಕೈಗಳನ್ನು ಎತ್ತಿಕೊಂಡು ಹಿತ್ತಲಿಗೆ ಬಂದರು. ಬರಿದಾದ ಟ್ಯಾಂಕಿಯ ನಡುವೆ ಹಡಗು ಗಂಭೀರವಾಗಿ ಕೂತಿತ್ತು. ಅದರ ಕೆಳಗೆ ಕಲ್ಲುಸಕ್ಕರೆ ವಜ್ರದಂತೆ ಹೊಳೆಯುತ್ತಿತ್ತು, ಅರ್ಧವೂ ಕರಗಿರಲಿಲ್ಲ.

ನಾನು ಧೈರ್ಯ ಬಿಡಲಿಲ್ಲ. "ನೋಡಿದ್ರಾ! ನೀರಿನಿಂದ ಮೇಲೆ ಬಂತು!"

"ಅದು ಮೇಲೆ ಬರಲಿಲ್ಲ, ನೀರು ಕೆಳಗೆ ಹೋಯ್ತು," ಅಂದಳು ಶುಭಶ್ರೀ. "ಅಟ್ಟ!"

"ಭಾವ, ನೀವು ಹೇಳಿ! ತಿಳಿದವರು ನೀವು!"

ಭಾವ ಟ್ಯಾಂಕಿಯೊಳಗೆ ಬಗ್ಗಿ ನೋಡಿದರು. ಬೆರಳುಗಳಲ್ಲಿ ಒಣಗುತ್ತಿದ್ದ ಸಾಂಬಾರನ್ನು ನೋಡಿದರು. ಬಹಳ ಗೌರವದಿಂದ ಹೇಳಿದರು:

"ಹದಿನೈದು ವರ್ಷ ಸರ್ವೀಸ್ ಮಾಡಿದ್ದೇನೆ ಭಾವ. ಸಬ್‌ಮರೀನ್ ಏಳದಿದ್ದರೆ ಅದನ್ನು ಎಬ್ಬಿಸ್ಲಿಕ್ಕೆ ಎಂತೆಂಥದೋ ಕಲಿಸಿದ್ರು. ಸಮುದ್ರವನ್ನೇ ಖಾಲಿ ಮಾಡಬಹುದು ಅಂತ ನಮ್ಮ ಅಡ್ಮಿರಲ್‌ಗೂ ಹೊಳೆದಿರಲಿಲ್ಲ."

ನಾನು ಅಟ್ಟದ ಏಣಿ ತರಲು ಹೋದೆ.