ಪೂರಾ ಪಗಾರ

೧೯೯೮ನೆಯ ಇಸವಿ ಜೂನ್ ಹನ್ನೊಂದು, ಗುರುವಾರ. ಮೋಡ ಕವಿದಿತ್ತು, ಮಳೆ ಇರಲಿಲ್ಲ.

ಬುದ್ಧಿಯ ಬೆಳವಣಿಗೆ ನಿಧಾನವಾದವರಿಗೆ ಕೆಲಸ ಕಲಿಸಿ, ಎಲ್ಲಾದರೂ ಸೇರಿಸಿ, ರೂಢಿಯಾಗುವ ತನಕ ಪಕ್ಕದಲ್ಲಿ ಕೂತು ಅದೇ ಕೆಲಸ ನಾನೂ ಮಾಡುವುದು ನನ್ನ ನೌಕರಿ. ಇಂಥ ನೌಕರಿಯಲ್ಲಿ ಏನೂ ನಡೆಯದ ದಿನಗಳನ್ನು ಬರೆದಿಡಬೇಕು. ಏನಾದರೂ ನಡೆದ ದಿನಗಳು ತಾವಾಗಿಯೇ ನೆನಪಿರುತ್ತವೆ.

ಆ ಗುರುವಾರ ಮಮದಾಪುರದ ತಾಯಿಯೊಬ್ಬಳು ಗೋಕಾಕದ ನಮ್ಮ ಕೇಂದ್ರಕ್ಕೆ ಬಂದಳು. ಅವಳ ಇಪ್ಪತ್ತೆಂಟು ವರ್ಷದ ಮಗ ನಮ್ಮಲ್ಲಿ ಕಲಿತು ಮುಗಿಸಿದ್ದ, ಅವನೂ ಜೊತೆಗಿದ್ದ.

"ಕೊಟ್ರ ಪೂರಾ ಪಗಾರ ಕೊಡ್ಲಿ" ಎಂದಳು. "ಅರ್ಧಾ ಅಂದ್ರ ಬ್ಯಾಡ್ರಿ. ಊರಾಗ ಅಂವಗ ಅರ್ಧ ಮನಶ್ಯಾ ಅಂತಾರ. ಅದನ್ನ ಸಾವಕಾರ್ರ ಕೈಲೆ ಬರಸ್ಕೊಂಡ ಬರೂದು ಬ್ಯಾಡ. ಮೂರ ಕಡೆ ನೋಡ್ರಿ. ಆಗಲಿಲ್ಲಂದ್ರ ಮನ್ಯಾಗ ಎಮ್ಮಿ ಅದಾವು, ಕಾಯ್ತಾನ."

"ಎಮ್ಮಿ ಪಗಾರ ಕೊಡೂದಿಲ್ಲ" ಎಂದ ಮಗ.

೧. ಹುಕ್ಕೇರಿಯ ಕಿಲೋ

ಮೊದಲು ಹುಕ್ಕೇರಿಯ ಒಂದು ಕಿರಾಣಿ ಅಂಗಡಿ. ಸಕ್ಕರೆ ತೂಗಿ ಪೊಟ್ಟಣ ಕಟ್ಟುವ ಕೆಲಸ. ತೂಗುವ ಮುಂಚೆ ಕಲ್ಲನ್ನು ಪರೀಕ್ಷಿಸಬೇಕು ಎಂಬುದು ನಮ್ಮ ಕೇಂದ್ರದ ಮೊದಲ ಪಾಠ. ಅದಕ್ಕೆಂದೇ ಅವನು ಕೇಂದ್ರದ, ಸರ್ಕಾರಿ ಮುದ್ರೆಯೊತ್ತಿದ ಕಿಲೋ ಕಲ್ಲನ್ನು ಕೈಚೀಲದಲ್ಲಿ ತಂದಿದ್ದ. ಅಂಗಡಿ ತುಂಬ ಗಿರಾಕಿಗಳಿದ್ದಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ಅದನ್ನಿಟ್ಟ, ಇನ್ನೊಂದರಲ್ಲಿ ಅಂಗಡಿಯ ಕಿಲೋ ಇಟ್ಟ. ಅಂಗಡಿಯದು ಮೇಲಕ್ಕೆ ಹೋಯಿತು.

"ಸಾವಕಾರ್ರ, ನಿಮ್ಮ ಕಿಲೋ ಸೊರಗೇತ್ರಿ."

ಗಿರಾಕಿಗಳಲ್ಲಿ ಒಬ್ಬ ಮುದುಕಿ, "ಯಾವಾಗಿಂದ ಸೊರಗೇತಿ ತಮ್ಮಾ?" ಎಂದು ಕೇಳಿದಳು.

ಸಾವಕಾರ ನನ್ನನ್ನು ಗೋದಾಮಿಗೆ ಕರೆದೊಯ್ದು ಬಾಗಿಲು ಹಾಕಿಕೊಂಡ. "ಬುದ್ಧಿ ಕಮ್ಮಿ ಐತಿ ಅಂತ ಹೇಳಿ ಕರ್ಕೊಂಡ ಬಂದ್ರಿ. ಬ್ಯಾರೆ ಯಾರರ ಇದ್ರ ನೋಡ್ರಿ. ಖರೇನ ಕಮ್ಮಿ ಇರಬೇಕು."

೨. ಬಕೆಟ್ ದೇವರು

ಎರಡನೆಯದು ಗೋಕಾಕದ ಒಂದು ಹೋಟೆಲು. ಕೆಲಸದ ಕ್ರಮ ತಪ್ಪದಿರಲೆಂದು ನಾನು ಒಂದೇ ಹಾಳೆಯಲ್ಲಿ, ಮೇಲಿನಿಂದ ಕೆಳಕ್ಕೆ, ಆರು ಚಿತ್ರ ಬರೆದಿದ್ದೆ: ಬಕೆಟ್ ತರುವುದು, ಟೇಬಲ್ ಒರೆಸುವುದು, ನೀರಿಡುವುದು, ಉಂಡ ತಾಟು ತೆಗೆಯುವುದು, ಹೀಗೆ. ಎಣ್ಣೆ ಹತ್ತದಿರಲೆಂದು ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದೆ. ಅಲ್ಲಿಗೇ ಕೆಟ್ಟಿತು. ಆ ಹೋಟೆಲಿನಲ್ಲಿ ಕಟ್ಟು ಹಾಕಿದ್ದೆಲ್ಲ ದೇವರೇ. ಅಮಾವಾಸ್ಯೆಯ ದಿನ ಅಡುಗೆಯವ ಎಲ್ಲ ಕಟ್ಟುಗಳಿಗೂ ಹಾರ ಹಾಕಿದ, ಇದಕ್ಕೂ ಹಾಕಿದ. ನಾಲ್ಕನೆಯ ಚಿತ್ರದಿಂದ ಮುಂದಿನದೆಲ್ಲ ಹೂವಿನಡಿ ಹೋಯಿತು.

ನಮ್ಮವ ಬಕೆಟ್ ತಂದ, ಟೇಬಲ್ ಒರೆಸಿದ, ನೀರಿಟ್ಟ, ಕೈಕಟ್ಟಿ ನಿಂತ. ಉಂಡ ತಾಟುಗಳು ಇದ್ದಲ್ಲೇ ಉಳಿದವು. ಹೊಸ ಗಿರಾಕಿಗಳು ತಾಟು ಕೈಯಲ್ಲಿ ಹಿಡಿದು ನಿಂತೇ ಉಣ್ಣತೊಡಗಿದರು.

"ಆ ಹಾರ ತಗಿಯೋ" ಎಂದ ಮಾಲಕ.

"ಏರಿಸಿದ ಹೂವು ಬಾಡೂ ಮಟಾ ತಗ್ಯಾಕ ಬರೂದಿಲ್ರಿ" ಎಂದ ಅಡುಗೆಯವ.

"ಅದ್ಯಾವ ದೇವರೋ?"

"ಗೊತ್ತಿಲ್ರಿ. ಕೈಯಾಗ ಬಕೆಟ್ ಐತಿ."

ಅದು ನಾನೇ ಬರೆದದ್ದು ಎಂದೆ. ಅಡುಗೆಯವ ನನಗೂ ಕೈಮುಗಿದ. ಮಾಲಕ ಚಪ್ಪಲಿ ಕಳಚಿ ಕಟ್ಟಿನ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ನನ್ನ ಕಡೆ ತಿರುಗಿದ.

"ದೇವರನ್ನಂತೂ ತಗ್ಯಾಕ ಆಗೂದಿಲ್ರಿ. ಇವನ್ನ ಕರ್ಕೊಂಡ ಹೋಗ್ರಿ."

೩. ಮೂಡಲಗಿಯ ಗೋಣಿಚೀಲ

ಉಳಿದದ್ದು ಮೂಡಲಗಿ ಒಂದೇ. ಹಳೆಯ ಗೋಣಿಚೀಲಗಳಲ್ಲಿ ಹರಿದದ್ದು, ಗಟ್ಟಿಯಿದ್ದದ್ದು ಬೇರೆ ಮಾಡಿ ಇಪ್ಪತ್ತೈದರ ಕಟ್ಟು ಕಟ್ಟುವ ಶೆಡ್ಡು. ಕೇಂದ್ರದ ಪತ್ರದಿಂದ ಮಾಲಕರಿಗೆ ತಿಳಿದದ್ದು ಇಷ್ಟೇ: ಇಬ್ಬರು ಬರುತ್ತಾರೆ, ಒಬ್ಬ ಕಲಿಯುವವ, ಒಬ್ಬ ಕಲಿಸುವವ. ಮಾಲಕರು ಪರವೂರಿನಿಂದ ಮರಳಿದಾಗ ನಾವಿಬ್ಬರೂ ಚೀಲದ ರಾಶಿಯಲ್ಲಿ ಕೂತಿದ್ದೆವು. ನಮ್ಮವ ಎದ್ದು ನಮಸ್ಕಾರ ಮಾಡಿ ಪ್ರಯಾಣ ಹೇಗಾಯಿತೆಂದು ಕೇಳಿದ. ನನಗೆ ಮಾತು ಕಡಿಮೆ, ತಲೆಯಾಡಿಸಿದೆ.

ಅವನು ಹದಿನಾರು ಕಟ್ಟು ಕಟ್ಟುವುದರೊಳಗೆ ನಾನು ಏಳು ಕಟ್ಟುತ್ತಿದ್ದೆ. ನನ್ನ ಗಂಟು ಜಾರುತ್ತಿತ್ತು. ಅವನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಮಾಲಕರು ಒಳ್ಳೆಯವರು. ನನ್ನ ಹತ್ತಿರ ಬಂದರೆ ದನಿ ಏರಿಸಿ, ಒಂದೊಂದೇ ಮಾತು ಬಿಡಿಸಿ, "ಮಜ್ಜಿಗಿ... ಕುಡದ್ರೇನು?" ಎನ್ನುತ್ತಿದ್ದರು. ಅವರ ಕಿವಿ ಮಂದವಿರಬೇಕು ಎಂದುಕೊಂಡೆ.

ಒಂದು ದಿನ ಮಾಲಕರು ನಮ್ಮವನನ್ನು ಬದಿಗೆ ಕರೆದು, ನನ್ನತ್ತ ಕಣ್ಣು ಮಾಡಿ, "ಇವರಿಗೆ ಮನ್ಯಾಗ ಯಾರರ ಅದಾರೇನು?" ಎಂದು ಕೇಳಿದ್ದು ನನಗೂ ಕೇಳಿಸಿತು.

"ಹೆಂಡತಿ ಅದಾರ್ರಿ."

"ದೊಡ್ಡ ಮನಸ್ಸಿನಾಕಿ" ಎಂದರು ಮಾಲಕರು.

ವಾರ ತುಂಬಿದ ದಿನ ಅವರು ಎರಡು ಪಾಕೀಟು ತಂದು ಎರಡನ್ನೂ ನಮ್ಮವನ ಕೈಗೇ ಕೊಟ್ಟು, ಏನೋ ಹೇಳಿ, ಬೆನ್ನು ತಟ್ಟಿದರು. ನನ್ನ ಪಗಾರ ಕೊಡುವುದು ಕೇಂದ್ರ. ಎರಡನೆಯ ಪಾಕೀಟು ಯಾಕೆಂದು ಕೇಳುವಷ್ಟರಲ್ಲಿ ಬಸ್ಸು ಬಂತು.

ಮಮದಾಪುರದಲ್ಲಿ ತಾಯಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಎರಡೂ ಪಾಕೀಟು ಒಡೆದಳು. ಒಂದರಲ್ಲಿ ಮುನ್ನೂರು ರೂಪಾಯಿ, ಇನ್ನೊಂದರಲ್ಲಿ ನೂರಾ ಐವತ್ತು. ಸಣ್ಣದನ್ನು ಹಿಡಿದ ಅವಳ ಕೈ ಮಡಿಲಿಗಿಳಿಯಿತು.

"ಅರ್ಧಾನ ಕೊಟ್ರಲ್ಲೋ."

"ಅದು ಸರ್ ಅವರದು, ಅವ್ವಾ" ಎಂದ ಮಗ. "ಮುನ್ನೂರು ನಂದು. ಪಾಪ, ಅವರು ಇನ್ನೂ ಕಲ್ಯಾಕತ್ತಾರ."