ಡಾಕ್ಟರಮ್ಮನ ಬೆನ್ನಿಗೊಂದು ಜೇಬು

ಹಲ್ಲಿನ ಡಾಕ್ಟರಮ್ಮನನ್ನು ಮೊದಲ ಸಲ ನೋಡಿದ ದಿನ ನಾನು ಅವರ ಮುಖವನ್ನೇ ನೋಡಲಿಲ್ಲ. ಕಂಡದ್ದು ಮೂಗು ಬಾಯಿ ಮುಚ್ಚಿದ ಬಟ್ಟೆ, ಅದರ ಮೇಲೆ ಎರಡು ಕಣ್ಣು, ಕೈಯಲ್ಲೊಂದು ಸೂಜಿ. ಸೂಜಿ ನನ್ನ ಕಡೆ ಒಂದು ಗೇಣು ಬಂದಿತ್ತೋ ಇಲ್ಲವೋ, ನಾನು ಬಾಗಿಲ ಹತ್ತಿರ ಇದ್ದೆ! ಕುರ್ಚಿಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಅರವತ್ತೆಂಟು ವರ್ಷದ ನನ್ನ ಮೊಣಕಾಲು ಅದನ್ನು ನಾಲ್ಕರಲ್ಲಿ ಮುಗಿಸಿದ್ದವು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು.

"ಅಜ್ಜಿ, ಏನು ಕೆಲಸ ಮಾಡ್ತೀರಿ?" ಎಂದರು.

"ಇಸ್ತ್ರಿ. ನೀವು ಹಾಕ್ಕೊಂಡಿರೋ ಈ ಕೋಟಿಗೂ ನಾನೇ ಇಸ್ತ್ರಿ ಹಾಕೋದು."

"ಹಾಗಾದ್ರೆ ಸುಲಭ ಆಯ್ತು! ಭಯಕ್ಕೆ ಮದ್ದು ಧ್ಯಾನ. ಅದಕ್ಕೆ ಬೇರೆ ಜಾಗ, ಬೇರೆ ಹೊತ್ತು ಯಾಕೆ? ಇಸ್ತ್ರಿ ಹಾಕ್ತಾ ಹಾಕ್ತಾನೇ ಮಾಡಿ. ಒಂದೊಂದು ಬಟ್ಟೆಗೂ ಮೂರು ಉಸಿರು. ನಿಧಾನವಾಗಿ ಒಳಗೆ, ನಿಧಾನವಾಗಿ ಹೊರಗೆ. ಆಮೇಲೆ ಅದನ್ನ ಹಾಕ್ಕೊಳ್ಳೋರಿಗೆ ಒಳ್ಳೇದಾಗ್ಲಿ ಅಂತ ಮನಸ್ಸಲ್ಲೇ ಹೇಳಿ. ಹತ್ತು ದಿನ ಬಿಟ್ಟು ಬನ್ನಿ, ಭಯ ಎಲ್ಲಿ ಹೋಯ್ತು ಅಂತ ನೀವೇ ಹುಡುಕ್ತೀರಿ."

ಇಷ್ಟೇ ಅವರು ಹೇಳಿದ್ದು. ಕಣ್ಣು ಮುಚ್ಚಿ ಎಂದು ಅವರು ಹೇಳಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ.

ಮನೆಗೆ ಬಂದವಳೇ ಸೊಸೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ಸಾರಿದೆ: "ಇನ್ನು ಹತ್ತು ದಿನ ಈ ಮನೆಯಲ್ಲಿ ಇಸ್ತ್ರಿ ನಡೆಯೋದಿಲ್ಲ, ತಪಸ್ಸು ನಡೆಯುತ್ತೆ! ಹನ್ನೊಂದನೇ ದಿನ ನೋಡು, ಬೇಕಾದ್ರೆ ಮೂವತ್ತೆರಡೂ ಕೀಳಲಿ, ನಾನು ರೆಪ್ಪೆ ಮಿಟುಕಿಸೋಳಲ್ಲ!"

"ನಿಮಗಿರೋದೇ ಹದಿನಾಲ್ಕು, ಅತ್ತೆ," ಎಂದಳು ಸೊಸೆ. ಬಟ್ಟೆ ಒಗೆಯುವುದು, ಮನೆ ಮನೆಗೆ ತಲುಪಿಸುವುದು ಅವಳ ಪಾಲು, ಇಸ್ತ್ರಿ ನನ್ನದು, ನನ್ನ ತಪ್ಪು ಎಣಿಸುವುದು ಮತ್ತೆ ಅವಳದೇ. "ತಪಸ್ಸಾದ್ರೂ ಮಾಡಿ, ತಲೆಕೆಳಗಾಗಿ ನಿಂತಾದ್ರೂ ಮಾಡಿ. ಬೇಕರಿಯವರ ಅಂಗಿ ಮಾತ್ರ ಸಂಜೆಯೊಳಗೆ ಮಡಚಿರ್ಲಿ."

ತಪಸ್ಸು ಶುರುವಾಯಿತು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ ಆರಿಹೋಗುತ್ತದೆ. ಹಾಗಾಗಿ ಒಬ್ಬೊಬ್ಬರ ಬಟ್ಟೆಗೂ ಕಾಲರಿನ ಒಳಗೆ ಒಂದೊಂದು ಬಣ್ಣದ ದಾರ. ಹಳದಿ ಕಂಡರೆ ಬೇಕರಿಯವನು. ಮೂರು ಉಸಿರು ಎಳೆದು, ಪಾಪ, ಒಲೆಯ ಮುಂದೆ ಬೇಯುವ ಜೀವ, ಒಳ್ಳೆಯದಾಗಲಿ ಎಂದೆ. ಹಸಿರು ದಾರ, ಬಸ್ ಡ್ರೈವರು. ಅವನಿಗೂ ಒಳ್ಳೆಯದಾಗಲಿ, ಅವನ ಬ್ರೇಕಿಗೂ ಒಳ್ಳೆಯದಾಗಲಿ, ಅವನ ಎದುರಿಗೆ ಬರುವವರಿಗೆಲ್ಲ ಇನ್ನೂ ಸ್ವಲ್ಪ ಜಾಸ್ತಿ ಒಳ್ಳೆಯದಾಗಲಿ! ನಾಲ್ಕನೇ ದಿನದ ಹೊತ್ತಿಗೆ ನನ್ನ ಕರುಣೆ ಬೀದಿಯುದ್ದಕ್ಕೂ ಹರಿಯುತ್ತಿತ್ತು. ಬಟ್ಟೆಯ ರಾಶಿ ಮಾತ್ರ ಕಿಟಕಿಯವರೆಗೆ ಬೆಳೆದಿತ್ತು.

ಒಂದೇ ತೊಡಕು, ಕೆಂಪು ದಾರ. ಅದು ಡಾಕ್ಟರಮ್ಮನದು. ಅವರಿಗಿರುವುದು ಎರಡೇ ಬಿಳಿ ಕೋಟು; ಒಂದು ಅವರ ಮೈಮೇಲೆ, ಒಂದು ನನ್ನ ರಾಶಿಯಲ್ಲಿ. ಆ ಕೆಂಪು ಕಂಡರೆ ಸಾಕು, ಉಸಿರು ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಜೇಬು ತಡವಲೂ ಭಯ, ಯಾರದ್ದಾದರೂ ಹಲ್ಲು ಸಿಕ್ಕಿಬಿಟ್ಟರೆ? ದಿನಾ ಅದನ್ನು ರಾಶಿಯ ತಳಕ್ಕೆ ತುರುಕುತ್ತಿದ್ದೆ. ಅದು ಹೇಗೋ ಮೇಲೆ ಬಂದು ನನ್ನನ್ನೇ ನೋಡುತ್ತಿತ್ತು.

ಹತ್ತನೇ ದಿನ ಮಧ್ಯಾಹ್ನ ಸೊಸೆ ಬಂದಳು. "ಅತ್ತೆ, ಡಾಕ್ಟರಮ್ಮ ಫೋನ್ ಮಾಡಿದ್ರು. ನಾಳೆಗೆ ಕೋಟು ಬೇಕೇ ಬೇಕಂತೆ. ನಿಮ್ಮ ಹಲ್ಲೂ ನಾಳೇನೇ, ನೆನಪಿದೆಯಲ್ಲ?"

ನೆನಪಿಲ್ಲದೆ ಏನು! ಆ ದವಡೆ ಹಲ್ಲು ಹತ್ತು ದಿನದಿಂದ ಬೇರೇನೂ ನೆನಪಿಡಲು ಬಿಟ್ಟಿರಲಿಲ್ಲ.

ಕೋಟು ಹಾಸಿದೆ. ಬೆನ್ನ ಮೇಲೆ ಪೆಟ್ಟಿಗೆ ಇಟ್ಟೆ. ಕಣ್ಣು ಮುಚ್ಚಿದೆ. ಒಂದು ಉಸಿರು. ಸೂಜಿ ಕಂಡಿತು. ಎರಡನೆಯದು. ಇಕ್ಕಳ ಕಂಡಿತು. ಮೂರನೆಯದರಲ್ಲಿ ಏನಾಯಿತೋ, ದಿನವಿಡೀ ಬಗ್ಗಿ ಬಗ್ಗಿ ಪರರ ಬಾಯೊಳಗೆ ಇಣುಕುವ ಆ ಹೆಣ್ಣುಮಗಳ ಬೆನ್ನು ಕಂಡಿತು. ಎಷ್ಟು ನೋಯುತ್ತದೋ ಎನ್ನಿಸಿತು. ಯಾರಾದರೂ ಒಂದು ಬಿಸಿ ಶಾಖ ಕೊಡುತ್ತಾರೋ ಇಲ್ಲವೋ! ತಾಯೀ, ನಿನಗೆ ಒಳ್ಳೆಯದಾಗಲಿ ಎಂದೆ. ಎದೆ ಹಗುರವಾಯಿತು. ಭಯ ಎಳ್ಳಷ್ಟೂ ಇಲ್ಲ! ಆ ಸುಖದಲ್ಲಿ ನಿಂತೇ ಇದ್ದೆ. ಸೀದ ವಾಸನೆ ಬಂತು. ಪಾಪ, ಯಾವ ಮನೆಯಲ್ಲೋ ಯಾರದೋ ಅಡುಗೆ ತಳ ಹಿಡಿಯಿತು, ಆ ತಾಯಿಗೂ ಒಳ್ಳೆಯದಾಗಲಿ ಎಂದೆ.

"ಅತ್ತೇ! ಪೆಟ್ಟಿಗೆ!"

ಕಣ್ಣು ಬಿಟ್ಟೆ. ಡಾಕ್ಟರಮ್ಮನ ಬೆನ್ನಿಗೆ ಶಾಖ ಸಿಕ್ಕಿತ್ತು. ಕೋಟಿನ ನಟ್ಟನಡುವೆ, ಮೂತಿ ಕೆಳಗಾಗಿ, ಕಂದು ಬಣ್ಣದ ಇಸ್ತ್ರಿ ಪೆಟ್ಟಿಗೆಯ ಗುರುತು!

ನಮ್ಮವರು ಬದುಕಿದ್ದಾಗ ನನಗೆ ಕೆಲಸ ಕಲಿಸುತ್ತಾ ಹೇಳಿದ್ದು ಒಂದೇ ಮಾತು: "ಪೆಟ್ಟಿಗೆ ಬಿಸಿಯಾಗಿರುವಾಗ ದೇವರೇ ಬಂದು ನಿಂತರೂ ತಲೆ ಎತ್ತಬೇಡ." ನಲವತ್ತೊಂದು ವರ್ಷ ಎತ್ತಿರಲಿಲ್ಲ. ಒಂದು ಅಂಗಿಯನ್ನೂ ಸುಟ್ಟಿರಲಿಲ್ಲ. ಈಗ ಸುಟ್ಟದ್ದು ಯಾರದನ್ನು? ನಾಳೆ ಬೆಳಿಗ್ಗೆ ಇಕ್ಕಳ ಹಿಡಿದು ನನ್ನ ಬಾಯೊಳಗೆ ಕೈಯಿಡುವವರದನ್ನು! ನಿಂಬೆಹಣ್ಣು ತಿಕ್ಕಿದೆ. ಗುರುತು ಇನ್ನೂ ಸ್ಪಷ್ಟವಾಯಿತು.

"ಹೋಗಿ ಒಪ್ಕೊಂಡುಬಿಡಿ," ಎಂದಳು ಸೊಸೆ.

"ಹಲ್ಲು ಕಿತ್ತಾದ ಮೇಲೆ ಒಪ್ಕೋತೀನಿ. ಮೊದಲೇ ಒಪ್ಕೊಂಡ್ರೆ ಮದ್ದು ಕೊಡದೇ ಕೀಳ್ತಾರೆ!"

ಗುರುತನ್ನೇ ದಿಟ್ಟಿಸಿದೆ. ಮೇಲೆ ಅಗಲ, ಕೆಳಗೆ ಚೂಪು. ಥೇಟ್ ಜೇಬಿನ ಆಕಾರ! ಹಳೆಯ ದಿಂಬಿನ ಚೀಲ ಕತ್ತರಿಸಿ, ಅಂಗುಲಕ್ಕೆ ಹನ್ನೆರಡು ಹೊಲಿಗೆಯಂತೆ, ಮೂರೂ ಕಡೆ ಹೊಲಿದೆ. ಮೇಲಿನ ಬಾಯಿ ಹೊಲಿಯಲಿಲ್ಲ. ಹೊಲಿದರೆ ತೇಪೆ ಎನ್ನುತ್ತಾರೆ; ಬಿಟ್ಟರೆ ಜೇಬು.

"ಬೆನ್ನ ಮೇಲೆ ಜೇಬಾ? ಯಾರು ಕೈ ಹಾಕ್ಬೇಕು ಅದಕ್ಕೆ, ಹಿಂದೆ ನಿಂತೋರಾ?"

"ಹೊಸ ಮಾದರಿ ಅನ್ನು. ನಿನಗೇನು ಗೊತ್ತು!"

ಮರುದಿನ ಕುರ್ಚಿಯಲ್ಲಿ ಕುಳಿತೆ. ಓಡುವ ದಾರಿ ಮುಚ್ಚಿತ್ತು. ಬಾಗಿಲಿಗೆ ಅಡ್ಡವಾಗಿ ಸೊಸೆ ಸ್ಟೂಲು ಹಾಕಿಕೊಂಡಿದ್ದಳು. ಡಾಕ್ಟರಮ್ಮ ಬಂದರು. ಮೈಮೇಲೆ, ಬೆಳಿಗ್ಗೆಯೇ ಸೊಸೆ ತಲುಪಿಸಿದ್ದ ಅದೇ ಕೋಟು! "ಏನಜ್ಜಿ, ಹತ್ತು ದಿನ ಮಾಡಿದ್ರಾ? ಹೇಗಿದೆ ಭಯ?" ಎಂದು ಕೇಳಿ, ಸೂಜಿ ತರಲು ಆಚೆ ತಿರುಗಿದರು. ಜೇಬು ನನ್ನ ಮೂಗಿನ ನೇರಕ್ಕೆ ಬಂತು. ಹೊಲಿಗೆ ಒಂದೊಂದನ್ನೂ ಎಣಿಸತೊಡಗಿದೆ. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ. ಆ ಜೇಬಿನ ಭಯದ ಮುಂದೆ ಸೂಜಿಯ ಭಯ ಯಾವ ಲೆಕ್ಕ!

"ನೋಡಿ, ಕದಲಲೇ ಇಲ್ಲ! ಧ್ಯಾನ ಅಂದ್ರೆ ಇದು!" ಎಂದು ಹಿಗ್ಗಿದರು ಡಾಕ್ಟರಮ್ಮ. "ನರ್ಸಮ್ಮ, ಹತ್ತಿ ಕೊಡಿ."

ನರ್ಸಮ್ಮ ಸಲೀಸಾಗಿ ಡಾಕ್ಟರಮ್ಮನ ಬೆನ್ನಿಗೆ ಕೈ ಹಾಕಿ ಹತ್ತಿ ತೆಗೆದುಕೊಟ್ಟರು.

"ಎಲ್ಲಿಂದ ತೆಗೆದ್ರಿ?"

"ನಿಮ್ಮ ಹಿಂದಿನ ಜೇಬಿಂದ. ಬೆಳಿಗ್ಗೆಯಿಂದ ಅದರಲ್ಲೇ ಇಟ್ಕೊಂಡಿದೀನಿ. ತುಂಬ ಅನುಕೂಲ, ಡಾಕ್ಟ್ರೇ."

ಡಾಕ್ಟರಮ್ಮನ ಕೈ ನಿಧಾನವಾಗಿ ಬೆನ್ನಿಗೆ ಹೋಯಿತು. ಕೋಟು ಬಿಚ್ಚಿದರು. ಜೇಬಿನ ಬಾಯಿ ಅಗಲಿಸಿ ಒಳಗೆ ಇಣುಕಿದರು, ಥೇಟ್ ಹುಳುಕು ಹಲ್ಲು ನೋಡುವ ಹಾಗೆ.

"ಅಜ್ಜಿ, ಇದೇನು?"

ನನ್ನ ಅರ್ಧ ಬಾಯಿ ಮರಗಟ್ಟಿತ್ತು. "ಕಣ್ಣು ಉಚ್ಚಿ... ಒಳ್ಳೇದಾಗ್ಲಿ ಅಂತ..." ಎಂದು ತೊದಲಿದೆ. ಉಳಿದದ್ದನ್ನು ಸೊಸೆ ಬಾಗಿಲಿಂದಲೇ, ಒಂದೂ ಬಿಡದಂತೆ, ನಿಂಬೆಹಣ್ಣಿನ ಸಮೇತ ಹೇಳಿ ಮುಗಿಸಿದಳು. "ಮೊದಲೇ ಒಪ್ಕೊಂಡ್ರೆ ಮದ್ದು ಕೊಡದೇ ಕೀಳ್ತಾರೆ ಅಂದ್ರು," ಎಂಬುದನ್ನೂ ಸೇರಿಸಿದಳು, ಪುಣ್ಯಾತ್ಗಿತ್ತಿ!

ಡಾಕ್ಟರಮ್ಮ ಕೋಟನ್ನು ಮತ್ತೆ ತೊಟ್ಟರು. ಇಕ್ಕಳ ಎತ್ತಿಕೊಂಡು ನನ್ನ ಮೇಲೆ ಬಗ್ಗಿದರು. ನಗುತ್ತಿದ್ದಾರೋ ಹಲ್ಲು ಕಡಿಯುತ್ತಿದ್ದಾರೋ ಹೇಗೆ ತಿಳಿಯಬೇಕು? ಮೊದಲ ದಿನದ ಹಾಗೆಯೇ, ಕಂಡದ್ದು ಬಟ್ಟೆಯ ಮೇಲಿನ ಎರಡು ಕಣ್ಣು ಮಾತ್ರ.

"ಬಾಯಿ ದೊಡ್ಡದಾಗಿ ತೆಗೀರಿ, ಅಜ್ಜಿ," ಎಂದರು ತಣ್ಣಗೆ. "ಈಗ ನಾನೂ ನಿಮ್ಮ ಹಾಗೇ ಕಣ್ಣು ಮುಚ್ಕೊಂಡು, ನಿಮಗೆ ಒಳ್ಳೇದಾಗ್ಲಿ ಅಂತ ಹೇಳ್ಕೊಂಡು, ಕೆಲಸ ಶುರು ಮಾಡ್ಲಾ?"